ಹಳೆಯ ಫ್ರೆಂಚ್ ಉಡುಪಿನ ಚಿತ್ರಗಳು ಮತ್ತು ಸಂಡೂರಿನ ಸೂಜಿ: ಕಾಗದದ ಕರಕುಶಲ ವಸ್ತುಗಳ ವ್ಯಾಪಾರ ಸಾಧ್ಯತೆಗಳು

ಕಾಗದದ ಕರಕುಶಲ ವಸ್ತುಗಳ ಮಾರುಕಟ್ಟೆಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಹವ್ಯಾಸ ಬೇರೂರಿದೆ. ದಿನಚರಿ ಪುಸ್ತಕವನ್ನು ಬರವಣಿಗೆಗಷ್ಟೇ ಬಳಸದೆ, ಅದರ ಪುಟಗಳ ಮೇಲೆ ಹಳೆಯ ಚಿತ್ರಗಳು, ಬಟ್ಟೆಯ ತುಂಡುಗಳು, ಲೇಸು, ಅಂಚೆಚೀಟಿ, ಒಣಗಿದ ಹೂವು ಮುಂತಾದವನ್ನು ಅಂಟಿಸಿ ಅಲಂಕರಿಸುವುದು ಅದರ ಸ್ವರೂಪ. ಜರ್ನಲಿಂಗ್ ಎಂದು ಕರೆಯಲಾಗುವ ಈ ಹವ್ಯಾಸಕ್ಕೆ ಮೆಚ್ಚಿನ ಸಾಮಗ್ರಿಗಳಲ್ಲೊಂದು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಫ್ಯಾಷನ್ ಪತ್ರಿಕೆಗಳ ಬಣ್ಣದ ಚಿತ್ರಗಳು. ಶುಭಾಶಯ ಪತ್ರ, ಪುಸ್ತಕದ ಹೊದಿಕೆ, ಉಡುಗೊರೆ ಚೀಲ, ಪುಟಗುರುತು ಮೊದಲಾದ ವಸ್ತುಗಳ ಮೇಲೂ ಇವೇ ಚಿತ್ರಗಳು ಕಾಣಿಸಿಕೊಳ್ಳುತ್ತಿವೆ.

ಹೊಸಪೇಟೆಯ ಮುದ್ರಣಾಲಯವೊಂದು ಇಂತಹ ಚಿತ್ರಗಳನ್ನು ಮುದ್ರಿಸಿ ಮಾರಲು ಸಾಧ್ಯವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ. ಆದರೆ ಪುಕ್ಕಟೆಯಾಗಿ ದೊರೆಯುವ ಚಿತ್ರ ಎಲ್ಲರಿಗೂ ಪುಕ್ಕಟೆಯೇ. ಶಿವಕಾಶಿಯ ಮುದ್ರಕನಿಗೂ ಚೀನಾದ ತಯಾರಕನಿಗೂ ಅದು ಅಷ್ಟೇ ಸುಲಭವಾಗಿ ಸಿಗುತ್ತದೆ. ಹಂಪಿಗೆ ಬಂದ ಪ್ರವಾಸಿ ಪ್ಯಾರಿಸ್ಸಿನ ಮಹಿಳೆಯ ಚಿತ್ರವನ್ನು ಹಂಪಿಯಿಂದಲೇ ಕೊಂಡೊಯ್ಯಲು ಕಾರಣವೂ ಇರುವುದಿಲ್ಲ. ಆದ್ದರಿಂದ ಆ ಚಿತ್ರಗಳ ಜೊತೆಗೆ, ಅವುಗಳ ಹಿಂದಿದ್ದ ವ್ಯಾಪಾರ ಕ್ರಮವನ್ನೂ ಅರಿತು, ಅದನ್ನು ಈ ಭಾಗದ ಕೈಕೆಲಸಕ್ಕೆ ಅನ್ವಯಿಸುವುದು ಹೆಚ್ಚು ಲಾಭದಾಯಕ.

ಬಟ್ಟೆ ಮಾರಿದ ಚಿತ್ರಗಳು

ಫ್ರಾನ್ಸಿನಲ್ಲಿ ಉಡುಪಿನ ಚಿತ್ರಗಳು ಹುಟ್ಟಿದ್ದು ವ್ಯಾಪಾರದ ಅಗತ್ಯದಿಂದ. 1797ರಲ್ಲಿ ಆರಂಭವಾದ 'ಜೂರ್ನಾಲ್ ದೆ ದಾಮ್ ಎ ದೆ ಮೋದ್' ಪತ್ರಿಕೆ ಪ್ಯಾರಿಸ್ಸಿನ ಹೊಸ ಉಡುಪುಗಳ ಚಿತ್ರಗಳನ್ನು ದೂರದ ಊರುಗಳಿಗೆ ತಲುಪಿಸಿತು. 1843ರಲ್ಲಿ 'ಲ ಮೋನಿತರ್ ದ ಲಾ ಮೋದ್', 1860ರಲ್ಲಿ 'ಲಾ ಮೋದ್ ಇಲ್ಲುಸ್ತ್ರೇ' ಪತ್ರಿಕೆಗಳು ಬಂದವು. ಓದುಗರು ಚಿತ್ರವನ್ನು ತಮ್ಮೂರಿನ ದರ್ಜಿಯ ಬಳಿಗೆ ಒಯ್ದು ಅದೇ ಮಾದರಿಯಲ್ಲಿ ಹೊಲಿಸಿಕೊಳ್ಳುತ್ತಿದ್ದರು. ಇಂದಿಗೂ ಟೈಲರ್ ಅಂಗಡಿಗಳಲ್ಲಿ ಕುಪ್ಪಸದ ಮಾದರಿಗಳ ಪುಸ್ತಕವನ್ನು ಗ್ರಾಹಕರ ಮುಂದಿಡುವ ಪದ್ಧತಿ ಇದೆಯಷ್ಟೆ. ಅದೇ ಕೆಲಸವನ್ನು ಆ ಪತ್ರಿಕೆಗಳು ದೊಡ್ಡ ಪ್ರಮಾಣದಲ್ಲಿ ನಿರ್ವಹಿಸಿದವು.

ಈ ಚಿತ್ರಗಳನ್ನು ಲೋಹದ ಫಲಕಗಳ ಮೇಲೆ ಕೊರೆದು ಮುದ್ರಿಸಿದ ನಂತರ ಒಂದೊಂದು ಪ್ರತಿಗೂ ಕೈಯಿಂದ ಬಣ್ಣ ತುಂಬಲಾಗುತ್ತಿತ್ತು. ಬಣ್ಣ ತುಂಬುವವರಲ್ಲಿ ಮಹಿಳೆಯರೇ ಹೆಚ್ಚು. ಚಿತ್ರ ಬರೆದವರಲ್ಲಿಯೂ ಅನಾಯಿಸ್ ತೂದೂಜ್ ಅವರಂತಹ ಮಹಿಳೆಯರು ಹೆಸರು ಗಳಿಸಿದರು. 1912ರಲ್ಲಿ ಲೂಸಿಯಾಂ ವೋಜೆಲ್ ಆರಂಭಿಸಿದ 'ಗಜೆತ್ ದು ಬೋಂ ತೋಂ' ಪತ್ರಿಕೆ 1925ರವರೆಗೆ ನಡೆಯಿತು. ಅದರ ಚಿತ್ರಗಳಿಗೆ ಪೊಶ್ವಾರ್ ಎಂಬ ವಿಧಾನದಿಂದ ಬಣ್ಣ ಹಾಕಲಾಗುತ್ತಿತ್ತು. ತಗಡನ್ನು ಆಕಾರಕ್ಕೆ ತಕ್ಕಂತೆ ಕತ್ತರಿಸಿ, ಅದರ ಕಿಂಡಿಯ ಮೂಲಕ ಕುಂಚದಿಂದ ಒಂದೊಂದೇ ಬಣ್ಣ ಹಚ್ಚುವ ಕ್ರಮವದು. ತೂತುಗಳಿರುವ ಅಚ್ಚಿನಿಂದ ರಂಗೋಲಿ ಹಾಕುವುದನ್ನು ಬಲ್ಲವರಿಗೆ ಇದರ ತತ್ತ್ವ ಹೊಸದಲ್ಲ.

ಈ ಚಿತ್ರಗಳಲ್ಲಿ ಭಾರತದ ಪಾಲೂ ಇದೆ ಎಂಬುದನ್ನು ವರ್ತಕರು ಗಮನಿಸಬೇಕು. ಭಾರತದ ಅಚ್ಚಿನ ಹತ್ತಿಬಟ್ಟೆಗಳಿಗೆ ಫ್ರಾನ್ಸಿನಲ್ಲಿ ಎಷ್ಟು ಬೇಡಿಕೆ ಉಂಟಾಯಿತೆಂದರೆ, ಅಲ್ಲಿನ ರೇಷ್ಮೆ ಮತ್ತು ಉಣ್ಣೆಯ ತಯಾರಕರನ್ನು ರಕ್ಷಿಸುವ ಸಲುವಾಗಿ ಸರಕಾರ 1686ರಲ್ಲಿ ಅವುಗಳನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1759ರಲ್ಲಿ. ಮರುವರ್ಷವೇ ಓಬರ್‌ಕಾಂಫ್ ಎಂಬ ಉದ್ಯಮಿ ಜೂಯಿ ಎಂಬಲ್ಲಿ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ ತೆರೆದನು. ಆ ಬಟ್ಟೆ ಇಂದಿಗೂ ಆ ಊರಿನ ಹೆಸರಿನಿಂದಲೇ ಪ್ರಸಿದ್ಧ. ನೆಪೋಲಿಯನ್ ಕಾಲದ ಫ್ಯಾಷನ್ ಚಿತ್ರಗಳಲ್ಲಿ ಮಹಿಳೆಯರ ಹೆಗಲ ಮೇಲೆ ಕಾಣುವ ಶಾಲು ಕಾಶ್ಮೀರದ್ದು. ಮಾದರಿ ಒಂದು ದೇಶದ್ದು, ಊರಿನ ಹೆಸರು ಮತ್ತು ಲಾಭ ಇನ್ನೊಂದು ದೇಶದ್ದು ಆಗುವ ಬಗೆಗೆ ಇದೊಂದು ಹಳೆಯ ನಿದರ್ಶನ.

ಬಟ್ಟೆ ತೊಡಿಸಿದ ಚಿತ್ರ

ಫ್ರಾನ್ಸಿನಲ್ಲಿ ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲೇ ಇನ್ನೊಂದು ಹವ್ಯಾಸವಿತ್ತು. ಮುದ್ರಿತ ಚಿತ್ರದಲ್ಲಿನ ಉಡುಪಿನ ಭಾಗವನ್ನು ಕತ್ತರಿಸಿ ತೆಗೆದು, ಹಿಂಬದಿಯಿಂದ ನಿಜವಾದ ರೇಷ್ಮೆಯನ್ನೋ ಲೇಸನ್ನೋ ಅಂಟಿಸುತ್ತಿದ್ದರು. ಇಂದಿನ ಜರ್ನಲಿಂಗ್ ಹವ್ಯಾಸದ ಪೂರ್ವಜ ಇದೇ ಎನ್ನಬಹುದು.

ಭಾರತದಲ್ಲಿಯೂ ಇದಕ್ಕೆ ಸಮಾನವಾದ ಪದ್ಧತಿ ಬೆಳೆಯಿತು. ರಾಜಾ ರವಿವರ್ಮ ಅವರ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಮನೆಮನೆಗಳಿಗೆ ಬಂದವು. ಅನೇಕ ಮನೆಗಳಲ್ಲಿ ಆ ಚಿತ್ರಗಳ ಸೀರೆಗೆ ಜರಿ, ಒಡವೆಗೆ ಮಣಿ, ಅಂಚಿಗೆ ಚಮಕಿ ಅಂಟಿಸಿ ಕಟ್ಟು ಹಾಕಿಸಿದರು. ಅಂದರೆ ಮುದ್ರಿತ ಚಿತ್ರದ ಮೇಲೆ ಬಟ್ಟೆಯ ಕೈಕೆಲಸವನ್ನು ಕೂಡಿಸಿ, ಅಗ್ಗದ ಕಾಗದವನ್ನು ಬೆಲೆಯುಳ್ಳ ವಸ್ತುವನ್ನಾಗಿ ಮಾಡುವ ಕಲೆ ಇಲ್ಲಿಯ ಗ್ರಾಹಕರಿಗೂ ಪರಿಚಿತವೇ. ಸಂಡೂರಿನ ಸೂಜಿಗೂ ಹೊಸಪೇಟೆಯ ಮುದ್ರಣ ಯಂತ್ರಕ್ಕೂ ಸಂಬಂಧ ಕಲ್ಪಿಸಬಹುದಾದುದು ಇಲ್ಲಿಯೇ.

ಯಾವ ಚಿತ್ರ ಮುಕ್ತ, ಯಾವುದು ಅಲ್ಲ?

ಹಳೆಯ ಚಿತ್ರವೆಂದ ಮಾತ್ರಕ್ಕೆ ಅದು ಮುಕ್ತವೆಂದು ಭಾವಿಸುವುದು ಅಪಾಯಕಾರಿ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರಕಾರನ ಹಕ್ಕು ಆತನ ಜೀವಿತಾವಧಿ ಹಾಗೂ ಆತ ತೀರಿಕೊಂಡ ವರ್ಷದ ನಂತರದ 60 ವರ್ಷಗಳವರೆಗೆ ಇರುತ್ತದೆ. ಫ್ರಾನ್ಸಿನಲ್ಲಿ ಈ ಅವಧಿ 70 ವರ್ಷ. ಆದ್ದರಿಂದ ನೋಡಬೇಕಾದುದು ಚಿತ್ರ ಪ್ರಕಟವಾದ ವರ್ಷಕ್ಕಿಂತ ಹೆಚ್ಚಾಗಿ ಚಿತ್ರಕಾರ ತೀರಿಕೊಂಡ ವರ್ಷವನ್ನು.

ಒಂದೇ ಪತ್ರಿಕೆಯ ಚಿತ್ರಕಾರರನ್ನು ಹೋಲಿಸಿದರೆ ಇದರ ಮಹತ್ವ ಸ್ಪಷ್ಟವಾಗುತ್ತದೆ. 'ಗಜೆತ್ ದು ಬೋಂ ತೋಂ' ಪತ್ರಿಕೆಗೆ ಚಿತ್ರ ಬರೆದ ಜಾರ್ಜ್ ಬಾರ್ಬಿಯೇ 1932ರಲ್ಲಿ ತೀರಿಕೊಂಡರು. ಅವರ ಚಿತ್ರಗಳ ಅವಧಿ ಎರಡೂ ದೇಶಗಳಲ್ಲಿ ಮುಗಿದಿದೆ. ಪಿಯೇರ್ ಬ್ರಿಸ್ಸೋ ತೀರಿಕೊಂಡದ್ದು 1964ರಲ್ಲಿ. ಅವರ ಚಿತ್ರಗಳು ಭಾರತದಲ್ಲಿ 2024ರ ಅಂತ್ಯಕ್ಕೆ ಮುಕ್ತವಾದರೂ ಫ್ರಾನ್ಸಿನಲ್ಲಿ 2034ರ ಅಂತ್ಯದವರೆಗೆ ರಕ್ಷಿತ. ಜಾರ್ಜ್ ಲೆಪಾಪ್ 1971ರಲ್ಲಿ ತೀರಿಕೊಂಡುದರಿಂದ ಅವರ ಚಿತ್ರಗಳು ಭಾರತದಲ್ಲಿಯೇ 2031ರ ಅಂತ್ಯದವರೆಗೆ ರಕ್ಷಿತವಾಗಿವೆ. ನೂರು ವರ್ಷ ಹಳೆಯ ಪುಟವೊಂದನ್ನು ಮುದ್ರಿಸಿ ತೊಂದರೆಗೆ ಸಿಲುಕುವುದು ಹೀಗೆ. ರಫ್ತು ಮಾಡುವವರು ಸರಕು ತಲುಪುವ ದೇಶದ ಕಾನೂನನ್ನೂ ಪರಿಶೀಲಿಸತಕ್ಕದ್ದು. ತೂದೂಜ್ (ನಿಧನ 1899), ಜೂಲ್ ದಾವೀದ್ (ನಿಧನ 1892) ಮೊದಲಾದ ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರ ವಿಷಯದಲ್ಲಿ ಈ ಆತಂಕವಿಲ್ಲ.

ಚಿತ್ರಗಳನ್ನು ಪಡೆಯುವ ಮೂಲವೂ ಮುಖ್ಯ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ತನ್ನ ಸಂಗ್ರಹದ ಸಾವಿರಾರು ಹಳೆಯ ಫ್ಯಾಷನ್ ಚಿತ್ರಗಳನ್ನು ಅಂತರಜಾಲದಲ್ಲಿ ಮುಕ್ತವಾಗಿ ಒದಗಿಸಿದೆ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಿಂದ, ತನ್ನ ಸಂಗ್ರಹದಲ್ಲಿ ಹಕ್ಕಿನ ಅವಧಿ ಮುಗಿದ ಕೃತಿಗಳ ಬಿಂಬಗಳನ್ನು ವಾಣಿಜ್ಯ ಬಳಕೆಗೂ ಬಿಟ್ಟುಕೊಟ್ಟಿದೆ. ಉಳಿದ ಸಂಗ್ರಹಗಳ ಷರತ್ತುಗಳು ಬೇರೆ ಬೇರೆ. ಚಿತ್ರ ಪಡೆದ ದಿನ, ಮೂಲ, ಚಿತ್ರಕಾರನ ಹೆಸರು, ನಿಧನದ ವರ್ಷ, ಆ ದಿನದ ಷರತ್ತು, ಇಷ್ಟನ್ನು ಒಂದು ವಹಿಯಲ್ಲಿ ದಾಖಲಿಸಿಟ್ಟುಕೊಂಡರೆ ಮುಂದೆ ಪ್ರಶ್ನೆ ಬಂದಾಗ ಅದೇ ಆಧಾರವಾಗುತ್ತದೆ.

ಹಂಪಿಯ ಕಲ್ಲಿನಲ್ಲಿ ಉಡುಪಿನ ಚಿತ್ರಗಳು

ಫ್ರೆಂಚ್ ಪತ್ರಿಕೆಗಳು ಮಾಡಿದ ಕೆಲಸವನ್ನು ಈ ಭಾಗದಲ್ಲಿ ಕಲ್ಲು ಮತ್ತು ಸುಣ್ಣದ ಗಾರೆ ಮಾಡಿವೆ. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲಿನ ಆನೆ, ಕುದುರೆ, ಸೈನಿಕರು, ನರ್ತಕಿಯರ ಸಾಲುಗಳು, ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳು, ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯ ವರ್ಣಚಿತ್ರಗಳು ಆಯಾ ಕಾಲದ ಉಡುಗೆ, ಕೇಶವಿನ್ಯಾಸ, ಒಡವೆಗಳ ದಾಖಲೆಗಳೇ ಆಗಿವೆ. ವಿಜಯನಗರ ಕಾಲದ್ದೇ ಆದ ಲೇಪಾಕ್ಷಿಯ ಚಿತ್ರಗಳಲ್ಲಿ ಸೀರೆಗಳ ಅಂಚು, ಒಡಲಿನ ವಿನ್ಯಾಸಗಳನ್ನು ಬಿಡಿಬಿಡಿಯಾಗಿ ಗುರುತಿಸಬಹುದು. ವಿಜಯನಗರದ ಆಸ್ಥಾನಿಕರು ತೊಡುತ್ತಿದ್ದ ಉದ್ದನೆಯ ಕಬಾಯಿ ಮತ್ತು ಎತ್ತರದ ಕುಲ್ಲಾಯಿಯ ಬಗ್ಗೆ ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು 1996ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದ್ದಾರೆ. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೆ ಇಂತಹುದೇ ಎತ್ತರದ ಟೋಪಿ ಇದೆ. ಮಕ್ಕಳ ತಲೆಗೆ ತೊಡಿಸುವ ಕುಲಾವಿಯ ಹೆಸರು ಕೂಡ ಇದೇ ಪದದ ಬಳಗಕ್ಕೆ ಸೇರಿದ್ದು.

ಹಂಪಿಯಲ್ಲಿ ಮಾರಾಟವಾಗುವ ಚಿತ್ರಪತ್ರಗಳಲ್ಲಿ ಕಲ್ಲಿನ ರಥವೇ ಮತ್ತೆ ಮತ್ತೆ ಬರುತ್ತದೆ. ಉಡುಪಿನ ದೃಷ್ಟಿಯಿಂದ ಈ ಶಿಲ್ಪಗಳನ್ನು ರೇಖಾಚಿತ್ರಗಳಾಗಿ ಬರೆಯಿಸಿ ಒಂದು ಸರಣಿಯನ್ನು ಹೊರತಂದರೆ ಅದು ಜರ್ನಲಿಂಗ್ ಹವ್ಯಾಸಿಗಳಿಗೂ ಪ್ರವಾಸಿಗಳಿಗೂ ಹೊಸತೆನಿಸುತ್ತದೆ. ಇಲ್ಲಿಯೂ ಕೆಲವು ಎಚ್ಚರಿಕೆಗಳು ಅವಶ್ಯ. ಶಿಲ್ಪಕ್ಕೆ ಕೃತಿಸ್ವಾಮ್ಯವಿಲ್ಲದಿದ್ದರೂ ಇತ್ತೀಚೆಗೆ ತೆಗೆದ ಅದರ ಛಾಯಾಚಿತ್ರಕ್ಕೆ ಇರುತ್ತದೆ. ಅಂತರಜಾಲದಿಂದ ಎತ್ತಿಕೊಂಡ ಫೋಟೋವನ್ನು ಮುದ್ರಿಸಬಾರದು. ಕರ್ನಲ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಛಾಯಾಚಿತ್ರಗಳು ಕಾಲದಿಂದ ಮುಕ್ತವಾಗಿದ್ದರೂ, ಅವುಗಳ ಪ್ರತಿಗಳನ್ನು ಕಾಪಾಡಿಕೊಂಡಿರುವ ಸಂಗ್ರಹಾಲಯಗಳ ಅನುಮತಿಯಿಲ್ಲದೆ ಮುದ್ರಣಯೋಗ್ಯ ಪ್ರತಿ ಸಿಗುವುದು ಕಷ್ಟ. 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಕಲ್ಲಿನ ರಥವಿದೆ ಎಂದು ನೋಟನ್ನೇ ಹೋಲುವ ಕಾರ್ಡನ್ನು ಮುದ್ರಿಸುವುದು ಅಪರಾಧವಾಗುತ್ತದೆ.

ಸ್ಥಳೀಯ ಕಲಾವಿದರಿಂದ ಚಿತ್ರ ಬರೆಯಿಸುವಾಗ ಬಾಯಿಮಾತಿನ ಒಪ್ಪಂದ ಸಾಲದು. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅದರಲ್ಲಿ ಅವಧಿ ನಮೂದಿಸದಿದ್ದರೆ ಕಾಯಿದೆಯ 19ನೆಯ ಕಲಮಿನಂತೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಪರಿಗಣಿಸಲಾಗುತ್ತದೆ. ಐದು ವರ್ಷಗಳಲ್ಲಿ ಹೆಸರಾದ ಸರಣಿ ಆರನೆಯ ವರ್ಷ ಕೈತಪ್ಪಿ ಹೋಗುವ ಸಂಭವವನ್ನು ಒಂದು ಪುಟದ ಕರಾರು ತಪ್ಪಿಸಬಲ್ಲುದು.

ಸಂಡೂರಿನ ಕಸೂತಿ

ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಕನ್ನಡಿ ಚೂರು, ಕವಡೆ, ನಾಣ್ಯ, ಬಣ್ಣದ ತೇಪೆಗಳ ಮೇಲಿನ ದಟ್ಟ ಹೊಲಿಗೆ ಇದರ ಲಕ್ಷಣ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಯಿಂದ ಬಂದ ಹೆಸರು ದಿನನಿತ್ಯದ ಮಾರಾಟವಾಗಿ ಪರಿವರ್ತನೆಗೊಳ್ಳಬೇಕಾದರೆ ಅಂಗಡಿಯಲ್ಲಿ ಕೈಗೆಟುಕುವ ಬೆಲೆಯ ಸಣ್ಣ ವಸ್ತುಗಳು ಬೇಕು. ದೊಡ್ಡ ಹೊದಿಕೆಯನ್ನೋ ಗೋಡೆಯ ಅಲಂಕಾರವನ್ನೋ ಕೊಳ್ಳಲಾಗದ ಪ್ರವಾಸಿಯೂ ಅಂಗೈಯಗಲದ ಕಸೂತಿಯ ತೇಪೆಯಿರುವ ಪುಸ್ತಕವೊಂದನ್ನು ಕೊಳ್ಳಬಲ್ಲನು.

ಹಜಾರರಾಮ ದೇವಾಲಯದ ನರ್ತಕಿಯ ರೇಖಾಚಿತ್ರದಲ್ಲಿ ಉಡುಪಿನ ಭಾಗವನ್ನು ಕತ್ತರಿಸಿ ಹಿಂದಿನಿಂದ ಸಂಡೂರಿನ ಕಸೂತಿಯನ್ನು ಕೂಡಿಸಿದರೆ, ಅಥವಾ ಅವಧಿ ಮುಗಿದ ಫ್ರೆಂಚ್ ಚಿತ್ರದ ಮಹಿಳೆಗೆ ಅದೇ ಕಸೂತಿಯ ಶಾಲು ಹೊದಿಸಿದರೆ, ಅಂತಹ ಮುಖಪುಟವನ್ನು ಬೇರೆ ಊರಿನವರು ಸುಲಭವಾಗಿ ನಕಲು ಮಾಡಲಾರರು. ಮೊದಲನೆಯದು ಹಂಪಿಯ ಅಂಗಡಿಗೆ, ಎರಡನೆಯದು ಬೆಂಗಳೂರಿನ ಹವ್ಯಾಸಿ ಮಳಿಗೆಗಳಿಗೆ ಮತ್ತು ಅಂತರಜಾಲ ಮಾರಾಟಕ್ಕೆ ಸೂಕ್ತವಾದುದು.

ಯಂತ್ರದ ಕಸೂತಿಯನ್ನೋ ಕಸೂತಿಯ ಮುದ್ರಿತ ಪ್ರತಿಯನ್ನೋ 'ಸಂಡೂರು ಲಂಬಾಣಿ ಕಸೂತಿ' ಎಂದು ಮಾರುವುದು 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಪ್ರಕಾರ ಶಿಕ್ಷಾರ್ಹ. ಲಂಬಾಣಿ ಮಹಿಳೆಯ ಭಾವಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಕಾರ್ಡುಗಳ ಮೇಲೆ ಹಾಕುವುದೂ ಸಲ್ಲದು. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿ, ಕೂಲಿ, ಖಾನಾವಳಿಗಳನ್ನು ನಂಬಿದ ಸಂಸಾರಗಳ ಆದಾಯ ನಿಂತುಹೋದದ್ದು ಈ ಭಾಗದವರಿಗೆ ನೆನಪಿದೆ. ಅದಿರಿನ ಬೆಲೆಯನ್ನು ಅವಲಂಬಿಸದ ಗಳಿಕೆ ಮನೆಗೆ ಬರುತ್ತಿರುವುದು ಅಂತಹ ಸಂದರ್ಭಗಳಲ್ಲಿ ಆಸರೆಯಾಗುತ್ತದೆ. ಆದ್ದರಿಂದ ಕಸೂತಿಯ ತೇಪೆಗೆ ಕೊಡುವ ದರದಲ್ಲಿ ಹಣ ಉಳಿಸಲು ಹೋಗುವುದು ಈ ಉದ್ಯಮದ ಬೇರನ್ನೇ ಕತ್ತರಿಸಿದಂತೆ.

ಹೊಸಪೇಟೆ ಮತ್ತು ಕಂಪ್ಲಿಯ ಪಾತ್ರ

ಲಗ್ನಪತ್ರಿಕೆಗಳ ಮುದ್ರಣ ಋತುಮಾನದ ಕೆಲಸ. ಆಷಾಢ ಬಂದೊಡನೆ ಆರ್ಡರುಗಳು ಇಳಿಮುಖವಾಗಿ, ಯಂತ್ರ ಮತ್ತು ಕಾರ್ಮಿಕರಿಗೆ ಬಿಡುವಾಗುತ್ತದೆ. ಹಂಪಿಯ ಪ್ರವಾಸಿ ಋತು ಆರಂಭವಾಗುವುದು ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ಸುಮಾರಿಗೆ. ಆಷಾಢದ ಬಿಡುವಿನಲ್ಲಿ ಮುದ್ರಿಸಿ, ಶ್ರಾವಣ ಭಾದ್ರಪದಗಳಲ್ಲಿ ಕಸೂತಿ ಮತ್ತು ಬೈಂಡಿಂಗ್ ಮುಗಿಸಿದರೆ ದಸರೆಯ ವೇಳೆಗೆ ಸರಕು ಅಂಗಡಿಯಲ್ಲಿರುತ್ತದೆ. ಕಟಿಂಗ್ ಯಂತ್ರದಿಂದ ಹೊರಬೀಳುವ ದಪ್ಪ ಕಾಗದದ ಪಟ್ಟಿಗಳು ಪುಟಗುರುತು, ಬೆಲೆಚೀಟಿಗಳಿಗೆ ಬಳಕೆಯಾಗಬಲ್ಲವು.

ಕಂಪ್ಲಿ ಭಾಗದ ಭತ್ತದ ಹುಲ್ಲು, ಕಬ್ಬಿನ ಸಿಪ್ಪೆ ಹಾಗೂ ಹೊಸಪೇಟೆಯ ಬಾಳೆಯ ನಾರು ಕೈಕಾಗದಕ್ಕೆ ಒಗ್ಗುವ ಕಚ್ಚಾವಸ್ತುಗಳು. ನದಿಯಾಚೆಯ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್‌ನ ಆಶ್ರಯದಲ್ಲಿ ಮಹಿಳೆಯರು ಬಾಳೆನಾರಿನಿಂದ ಚೀಲ, ಬುಟ್ಟಿಗಳನ್ನು ಹೆಣೆಯುವುದನ್ನು ರೂಢಿಸಿಕೊಂಡಿದ್ದಾರೆ. ಆದರೆ ಕಾಗದದ ಘಟಕಕ್ಕೆ ನೀರು, ಒಣಗಿಸುವ ಜಾಗ, ಕೊಳೆನೀರಿನ ವಿಲೇವಾರಿ ಎಲ್ಲವೂ ಬೇಕು. ಆದ್ದರಿಂದ ಮೊದಲ ವರ್ಷ ಕೈಕಾಗದವನ್ನು ಹೊರಗಿನಿಂದ ಖರೀದಿಸಿ, ಮಾರಾಟ ಖಚಿತವಾದ ಮೇಲೆ ಘಟಕದ ವಿಚಾರ ಮಾಡುವುದು ವಿವೇಕ.

ಲೆಕ್ಕದ ಒಂದು ಮಾದರಿ

ಕರಕುಶಲ ವಸ್ತುಗಳ ವ್ಯಾಪಾರ ಸೋಲುವುದು ಹೆಚ್ಚಾಗಿ ಬೆಲೆ ನಿಗದಿಯಲ್ಲಿ. ವಿವರಣೆಗಾಗಿ ಮಾತ್ರ ಒಂದು ಕಾಲ್ಪನಿಕ ಲೆಕ್ಕವನ್ನು ಪರಿಶೀಲಿಸಬಹುದು. 500 ಪುಸ್ತಕಗಳಿಗೆ ಒಳಪುಟಗಳ ಕಾಗದ ಮತ್ತು ಮುದ್ರಣ ರೂ. 20,000, ರಟ್ಟು ಮತ್ತು ಮುಖಪುಟ ರೂ. 7,500; ಕಸೂತಿಯ ತೇಪೆ ತಲಾ ರೂ. 60ರಂತೆ ರೂ. 30,000, ಬೈಂಡಿಂಗ್ ತಲಾ ರೂ. 20ರಂತೆ ರೂ. 10,000, ಪ್ಯಾಕಿಂಗ್ ರೂ. 2,500; ಚಿತ್ರಕಾರರ ಸಂಭಾವನೆ ರೂ. 10,000. ಒಟ್ಟು ರೂ. 80,000. ಒಂದು ಪುಸ್ತಕಕ್ಕೆ ರೂ. 160 ಎಂದು ತಯಾರಕ ಭಾವಿಸುತ್ತಾನೆ.

ಆದರೆ 25 ಪುಸ್ತಕಗಳು ಅಂಟು, ಹೊಲಿಗೆಯಲ್ಲಿ ಕೆಟ್ಟು, ಇನ್ನು 25 ಮಾದರಿಗಾಗಿ ಹಂಚಿಹೋದರೆ ಮಾರಾಟಕ್ಕೆ ಉಳಿಯುವುದು 450. ಆಗ ನಿಜವಾದ ವೆಚ್ಚ ಸುಮಾರು ರೂ. 178. ತೆರಿಗೆ ಬಿಟ್ಟು ಮಾರಾಟ ಬೆಲೆ ರೂ. 300 ಎಂದು ಇಟ್ಟು, ಅಂಗಡಿಯವರಿಗೆ ಶೇ. 40 ಬಿಟ್ಟರೆ ಕೈಗೆ ಬರುವುದು ರೂ. 180. ಲಾಭ ಎರಡೇ ರೂಪಾಯಿ. ಬೆಲೆಯನ್ನು ರೂ. 350 ಮಾಡಿದರೆ ರೂ. 210 ಬಂದು, ಲಾಭ ರೂ. 32 ಆಗುತ್ತದೆ. ಕಸೂತಿಯನ್ನು ಕೈಬಿಟ್ಟರೆ ವೆಚ್ಚ ರೂ. 111ಕ್ಕೆ ಇಳಿಯುತ್ತದೆ, ನಿಜ. ಆದರೆ ಆಗ ಆ ಪುಸ್ತಕ ಎಲ್ಲಿ ಬೇಕಾದರೂ ಸಿಗುವ ಸಾಮಾನ್ಯ ಪುಸ್ತಕವಾಗಿ, ಅದಕ್ಕೆ ರೂ. 350 ಕೊಡುವ ಗ್ರಾಹಕ ಇರುವುದಿಲ್ಲ. ವೆಚ್ಚದ ಪಟ್ಟಿಯಲ್ಲಿ ಅತಿ ದುಬಾರಿಯಾಗಿ ಕಾಣುವ ರೂ. 60ರ ತೇಪೆಯೇ ಇಡೀ ಬೆಲೆಯನ್ನು ಹೊತ್ತು ನಿಂತಿರುತ್ತದೆ.

ತೆರಿಗೆ ಮತ್ತು ವಸೂಲಿ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿ ಅಭ್ಯಾಸ ಪುಸ್ತಕ ಮತ್ತು ನೋಟ್‌ಬುಕ್‌ಗಳು ತೆರಿಗೆಮುಕ್ತವಾಗಿದ್ದು, ಅದೇ 4820ನೆಯ ಶೀರ್ಷಿಕೆಯಲ್ಲಿನ ಡೈರಿ, ಲೆಟರ್ ಪ್ಯಾಡ್ ಮೊದಲಾದವುಗಳಿಗೆ ಶೇ. 18 ತೆರಿಗೆ ಇದೆ. ಕಸೂತಿಯ ಮುಖಪುಟವುಳ್ಳ ಖಾಲಿ ಪುಸ್ತಕ ಇವೆರಡರಲ್ಲಿ ಯಾವುದು ಎಂಬುದನ್ನು ಬೆಲೆ ಮುದ್ರಿಸುವ ಮೊದಲೇ ನಿರ್ಧರಿಸಿಕೊಳ್ಳಬೇಕು. ತೆರಿಗೆಮುಕ್ತ ವಸ್ತುವಿಗೆ ಬಳಸಿದ ಕಚ್ಚಾಮಾಲಿನ ಮೇಲಿನ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲವಾದ್ದರಿಂದ ಆ ಮೊತ್ತ ವೆಚ್ಚಕ್ಕೆ ಸೇರುತ್ತದೆ.

ಉಡುಗೊರೆ ಅಂಗಡಿಗಳಲ್ಲಿ 'ಮಾರಾಟವಾದರೆ ಹಣ' ಎಂಬ ಷರತ್ತು ಸಾಮಾನ್ಯ. ನೋಂದಾಯಿತ ವರ್ತಕರು ಹೀಗೆ ಒಪ್ಪಿಗೆಯ ಮೇರೆಗೆ ಕಳುಹಿಸಿದ ಸರಕು ಮಾರಾಟವಾದಾಗ, ಅಥವಾ ಕಳುಹಿಸಿ ಆರು ತಿಂಗಳಾದಾಗ, ಯಾವುದು ಮೊದಲೋ ಆಗ ಬಿಲ್ಲು ಹಾಕತಕ್ಕದ್ದು. ಆದ್ದರಿಂದ ಚಲನ್‌ಗಳ ತಾರೀಖು ಮತ್ತು ಉಳಿದ ಸರಕಿನ ಎಣಿಕೆ ಕ್ರಮವಾಗಿರಬೇಕು. ಉದ್ಯಮ್ ನೋಂದಣಿ ಪಡೆದ ಸಣ್ಣ ತಯಾರಕರಿಗೆ 2006ರ ಕಾಯಿದೆಯ ಪ್ರಕಾರ ಖರೀದಿದಾರರು 45 ದಿನಗಳ ಒಳಗೆ ಹಣ ಪಾವತಿಸಬೇಕಾಗುತ್ತದೆ.

ಮುಂದಿನ ಹೆಜ್ಜೆ

ಹೊಸಪೇಟೆ ಮತ್ತು ಹಂಪಿ ಈಗ ವಿಜಯನಗರ ಜಿಲ್ಲೆಯಲ್ಲಿ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇವೆ. ಆಡಳಿತದ ಗಡಿ ಬೇರೆಯಾದರೂ ವ್ಯಾಪಾರದ ದಾರಿ ಒಂದೇ. ಒಬ್ಬ ಮುದ್ರಕ, ಒಬ್ಬ ಬೈಂಡರ್, ಸಂಡೂರಿನ ಕಸೂತಿ ಗುಂಪೊಂದು, ಹಂಪಿಯ ಇಬ್ಬರು ಮೂವರು ಅಂಗಡಿಕಾರರು ಕೂಡಿ ಐದು ಚಿತ್ರಗಳ ಒಂದು ಸಣ್ಣ ಸರಣಿಯನ್ನು ಮುಂದಿನ ಆಷಾಢದಲ್ಲಿ ಪ್ರಯೋಗಾರ್ಥವಾಗಿ ತಯಾರಿಸಬಹುದು. ಪ್ರತಿ ವಸ್ತುವಿನ ಹಿಂಬದಿಯಲ್ಲಿ ಚಿತ್ರದ ಮೂಲ, ಕಸೂತಿ ಮಾಡಿದವರ ಗುಂಪಿನ ಹೆಸರು, ಊರು ಇವಿಷ್ಟನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಮುದ್ರಿಸಿದರೆ ಗ್ರಾಹಕನಿಗೆ ಬೆಲೆಯ ಕಾರಣ ತಾನಾಗಿಯೇ ತಿಳಿಯುತ್ತದೆ.

ಪ್ಯಾರಿಸ್ಸಿನ ಪತ್ರಿಕೆಗಳಿಗೆ ಬಣ್ಣ ತುಂಬಿದ ಮಹಿಳೆಯರಲ್ಲಿ ಹೆಚ್ಚಿನವರ ಹೆಸರುಗಳು ಉಳಿಯಲಿಲ್ಲ. ಅವರ ಕೈಕೆಲಸದ ಪುಟಗಳನ್ನು ಇಂದು ಲೋಕವೆಲ್ಲ ಪುಕ್ಕಟೆಯಾಗಿ ಬಳಸುತ್ತಿದೆ. ಸಂಡೂರಿನ ಮಹಿಳೆಯರ ಕೆಲಸ ಹಾಗಾಗದಂತೆ ನೋಡಿಕೊಳ್ಳಲು ಬೇಕಾದ ಕಾನೂನು, ಲೆಕ್ಕ ಮತ್ತು ಮಾರುಕಟ್ಟೆ ಮೂರೂ ಇಂದು ಲಭ್ಯವಿವೆ. ಅವನ್ನು ಬಳಸಿಕೊಳ್ಳುವ ಹೊಣೆ ಈ ಭಾಗದ ವರ್ತಕರು ಮತ್ತು ತಯಾರಕರ ಮೇಲಿದೆ.